ತಂತಿಯನ್ನು ಬಿಟ್ಟು ಹೊರಟ ನಿಕೋಲಾ ಟೆಸ್ಲಾ

ಟೆಸ್ಲಾ ಎಂದೊಡನೆ ಇಂದು ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಒಂದು ಮೋಟಾರು ಕಾರು. ಆ ಕಾರಿನ ಕಂಪೆನಿಯು ಹುಟ್ಟಿದ್ದು 2003ರಲ್ಲಿ. ಅದು ಯಾರ ಹೆಸರನ್ನು ಇಟ್ಟುಕೊಂಡಿತೋ ಆ ಪುರುಷನು ತೀರಿಕೊಂಡು ಆ ವೇಳೆಗೆ 60 ವರ್ಷಗಳು ಕಳೆದಿದ್ದುವು. ಕಲಾ ವಿಭಾಗದ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ವಿದ್ಯುಚ್ಛಕ್ತಿಯ ಮಾತೇಕೆಂದು ಕೇಳುವವರು ಇದ್ದಾರು. ಆದರೆ ಈತನ ಜೀವನವು ಪ್ರಯೋಗಶಾಲೆಯೊಳಗೆ ಮುಗಿದುಹೋದ ಜೀವನವಲ್ಲ. ಅದರಲ್ಲಿ ಇತಿಹಾಸವಿದೆ, ಅರ್ಥಶಾಸ್ತ್ರವಿದೆ, ಕಾವ್ಯವೂ ಸ್ವಲ್ಪ ಇದೆ. ಮೇಲಾಗಿ ಈತನನ್ನು ಕುರಿತು ಈಚೆಗೆ ಒಂದು ಕಥೆಯು ಎಲ್ಲೆಡೆಯೂ ಹರಡಿಕೊಂಡಿದೆ. ಲೋಕಕ್ಕೆಲ್ಲ ಪುಕ್ಕಟೆಯಾಗಿ, ತಂತಿಯಿಲ್ಲದೆ, ಗಾಳಿಯ ಮೂಲಕ ವಿದ್ಯುತ್ತನ್ನು ಕಳುಹಿಸುವ ಗುಟ್ಟನ್ನು ಈತನು ಕಂಡುಕೊಂಡಿದ್ದನೆಂದೂ, ಹಣವಂತರು ಅದನ್ನು ಹೂತುಹಾಕಿದರೆಂದೂ ಆ ಕಥೆ. ಇದರಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂಬುದನ್ನು ನೋಡಬೇಕಾದರೆ ಮೊದಲಿನಿಂದಲೇ ಬರಬೇಕು.

ನಿಕೋಲಾ ಟೆಸ್ಲಾ ಹುಟ್ಟಿದ್ದು 1856ನೆಯ ಇಸವಿ ಜುಲೈ 10ರಂದು, ಆಗ ಆಸ್ಟ್ರಿಯದ ಚಕ್ರಾಧಿಪತ್ಯಕ್ಕೆ ಸೇರಿದ್ದ, ಈಗ ಕ್ರೊಯೇಷಿಯಾ ದೇಶದಲ್ಲಿರುವ ಸ್ಮಿಲ್ಯಾನ್ ಎಂಬ ಹಳ್ಳಿಯಲ್ಲಿ. ಮನೆತನವು ಸರ್ಬಿಯನರದು. ತಂದೆ ಮಿಲುಟಿನ್ ಕ್ರೈಸ್ತ ಪಾದ್ರಿ. ತಾಯಿ ಜೂಕಾ ಓದುಬರಹ ಕಲಿತವಳಲ್ಲ. ಆದರೆ ನಮ್ಮ ಹಳ್ಳಿಗಳ ಅಜ್ಜಿಯರು ಭಾರತ ರಾಮಾಯಣಗಳನ್ನು ನಾಲಗೆಯ ಮೇಲೆ ಇಟ್ಟುಕೊಂಡಿರುವಂತೆ, ಆಕೆಯು ತನ್ನ ನಾಡಿನ ವೀರಗಾಥೆಗಳನ್ನು ಬಾಯಿಪಾಠವಾಗಿ ಹೇಳಬಲ್ಲವಳಾಗಿದ್ದಳು. ಮನೆಗೆಲಸಕ್ಕೆ ಬೇಕಾದ ಸಣ್ಣ ಉಪಕರಣಗಳನ್ನು ತಾನೇ ಮಾಡಿಕೊಳ್ಳುತ್ತಿದ್ದಳು. ತನ್ನ ಜ್ಞಾಪಕಶಕ್ತಿಯೂ ಕೈಚಳಕವೂ ತಾಯಿಯಿಂದ ಬಂದುವೆಂದು ಮಗನು ಕೊನೆಯವರೆಗೂ ನಂಬಿದ್ದನು. ಅಣ್ಣನೊಬ್ಬನು ಕುದುರೆಯ ಅಪಘಾತದಲ್ಲಿ ಸತ್ತನು. ಆ ಅಣ್ಣನೇ ಮನೆಯ ಬುದ್ಧಿವಂತನೆಂದು ಎಣಿಸಿದ್ದ ತಂದೆತಾಯಿಗಳ ದುಃಖದ ನೆರಳಿನಲ್ಲಿ ಕಿರಿಯನು ಬೆಳೆದನು.

ತಂದೆಗೆ ಮಗನು ಪಾದ್ರಿಯಾಗಬೇಕೆಂಬ ಹಟ. 1873ರಲ್ಲಿ ಹುಡುಗನಿಗೆ ಕಾಲರಾ ತಗುಲಿತು. ತಿಂಗಳುಗಟ್ಟಲೆ ಹಾಸಿಗೆ ಹಿಡಿದ ಮಗನು ಉಳಿಯುವುದಿಲ್ಲವೆಂದು ತೋರಿದಾಗ ತಂದೆಯು ಕರಗಿ, ಬದುಕಿದರೆ ಎಂಜಿನಿಯರಿಂಗ್ ಓದಿಸುವೆನೆಂದು ಮಾತು ಕೊಟ್ಟನು. ಮಗನು ಬದುಕಿದನು. 1875ರಲ್ಲಿ ಗ್ರಾಟ್ಸ್ ನಗರದ ಪಾಲಿಟೆಕ್ನಿಕ್ಕಿಗೆ ಸೇರಿದನು. ಅಲ್ಲಿ ಒಂದು ದಿನ ಪ್ರಾಧ್ಯಾಪಕರು ಡೈನಮೋ ಒಂದನ್ನು ನಡೆಸಿ ತೋರಿಸುತ್ತಿದ್ದಾಗ, ಅದರ ತಿರುಗುವ ಭಾಗಕ್ಕೆ ಉಜ್ಜುವ ಕುಂಚಗಳಿಂದ ಕಿಡಿಗಳು ಹಾರುತ್ತಿದ್ದುವು. ಈ ಕುಂಚಗಳೂ ಕಿಡಿಗಳೂ ಇಲ್ಲದೆ ಯಂತ್ರವನ್ನು ನಡೆಸಲಾಗದೆ ಎಂದು ಟೆಸ್ಲಾ ಕೇಳಿದನು. ಅದು ಎಂದಿಗೂ ಆಗದ ಕೆಲಸವೆಂದು ಪ್ರಾಧ್ಯಾಪಕರು ತರಗತಿಯ ಎದುರಿಗೇ ವಿವರಿಸಿದರು. ಹುಡುಗನು ಸುಮ್ಮನಾದನು, ಆದರೆ ಪ್ರಶ್ನೆಯನ್ನು ಬಿಡಲಿಲ್ಲ.

ಅವನು ಪದವಿಯನ್ನು ಮಾತ್ರ ಪಡೆಯಲಿಲ್ಲ. ಜೂಜಿನ ಚಟ ಹತ್ತಿ ಓದು ಕೆಟ್ಟಿತು. 1879ರಲ್ಲಿ ತಂದೆ ತೀರಿಕೊಂಡನು. ಪ್ರಾಗ್ ನಗರದಲ್ಲಿ ಕೆಲಕಾಲ ಪಾಠಗಳನ್ನು ಕೇಳಿ, 1881ರಲ್ಲಿ ಬುಡಾಪೆಸ್ಟಿನ ಟೆಲಿಫೋನ್ ಕಚೇರಿಯಲ್ಲಿ ಕೆಲಸಕ್ಕೆ ನಿಂತನು. ಮರುವರ್ಷ ಒಂದು ಸಂಜೆ ಸ್ನೇಹಿತನೊಡನೆ ಉದ್ಯಾನದಲ್ಲಿ ತಿರುಗಾಡುತ್ತ, ಮುಳುಗುವ ಸೂರ್ಯನನ್ನು ನೋಡಿ ಗಯಟೆಯ ಫೌಸ್ಟ್ ಕಾವ್ಯದ ಸಾಲುಗಳನ್ನು ಹೇಳುತ್ತಿದ್ದಾಗ, ವರ್ಷಗಳಿಂದ ಕಾಡುತ್ತಿದ್ದ ಪ್ರಶ್ನೆಗೆ ಉತ್ತರವು ಥಟ್ಟನೆ ಹೊಳೆಯಿತಂತೆ. ಅಲ್ಲೇ ಒಂದು ಕಡ್ಡಿಯಿಂದ ಮಣ್ಣಿನ ಮೇಲೆ ಯಂತ್ರದ ಚಿತ್ರವನ್ನು ಬರೆದು ತೋರಿಸಿದನು. ಕಾವ್ಯವನ್ನು ಕಂಠಪಾಠ ಮಾಡುವುದು ವ್ಯರ್ಥವೆನ್ನುವ ಮಿತ್ರರು ಇದನ್ನು ಗಮನಿಸಬಹುದು.

ಆ ಉತ್ತರವು ಏನೆಂಬುದನ್ನು ಸರಳವಾಗಿ ಹೇಳುವುದಾದರೆ ಹೀಗೆ. ಹಿಂದೆ ನಮ್ಮ ಮನೆಗಳಲ್ಲಿ ಇಬ್ಬರು ಹೆಂಗಸರು ಎದುರುಬದುರು ಕುಳಿತು ರಾಗಿ ಬೀಸುತ್ತಿದ್ದರು. ಒಬ್ಬಳ ಎಳೆತವು ಮುಗಿಯುತ್ತ ಬರುವಾಗ ಇನ್ನೊಬ್ಬಳ ಎಳೆತವು ಆರಂಭವಾಗುತ್ತಿತ್ತು. ಕಲ್ಲು ನಿಲ್ಲದೆ ತಿರುಗುತ್ತಿತ್ತು. ಹಾಗೆಯೇ ಏರಿಳಿಯುವ ಎರಡು ಅಥವಾ ಹೆಚ್ಚು ಪರ್ಯಾಯ ಪ್ರವಾಹಗಳನ್ನು ಒಂದರ ಹಿಂದೆ ಒಂದು ಬರುವಂತೆ ಸುರುಳಿಗಳಲ್ಲಿ ಹರಿಸಿದರೆ, ನಡುವೆ ಒಂದು ಅಯಸ್ಕಾಂತ ಕ್ಷೇತ್ರವು ತಾನೇ ಸುತ್ತತೊಡಗುತ್ತದೆ. ಅದರೊಳಗೆ ಇಟ್ಟ ಲೋಹದ ಉರುಳೆಯು ಯಾವ ಕುಂಚದ ಸೋಂಕೂ ಇಲ್ಲದೆ ಅದರ ಬೆನ್ನುಹತ್ತಿ ತಿರುಗುತ್ತದೆ. ಇಟಲಿಯ ಫೆರಾರಿಸ್ ಎಂಬಾತನೂ ಇದೇ ತತ್ತ್ವವನ್ನು ಸ್ವತಂತ್ರವಾಗಿ ಕಂಡುಕೊಂಡಿದ್ದನು. ಮೂರು ಫೇಸಿನ ಪದ್ಧತಿಯನ್ನು ಯೂರೋಪಿನಲ್ಲಿ ರೂಢಿಗೆ ತಂದವನು ಡೊಬ್ರೊವೊಲ್‌ಸ್ಕಿ. ಆದರೂ ಉತ್ಪಾದನೆ, ಸಾಗಣೆ, ಮೋಟಾರು ಮೂರನ್ನೂ ಒಂದೇ ಪದ್ಧತಿಯಾಗಿ ಕಂಡು ಪೇಟೆಂಟು ಪಡೆದ ಕೀರ್ತಿ ಟೆಸ್ಲಾನದು. ನಮ್ಮ ರೈತನು ಇಂದು ತ್ರೀ ಫೇಸ್ ಕರೆಂಟು ಎಷ್ಟು ಗಂಟೆಗೆ ಬರುವುದೆಂದು ಕಾಯುತ್ತಾನಲ್ಲ, ಅವನ ಪಂಪ್‌ಸೆಟ್ಟಿನ ಮೋಟಾರು ಆ ಉದ್ಯಾನದ ಮಣ್ಣಿನ ಚಿತ್ರದ ಸಂತತಿಯೇ. ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಲೇತುಗಳೂ ಗಿರಣಿಗಳೂ ತಿರುಗಿದ್ದು ಇದೇ ಜಾತಿಯ ಮೋಟಾರುಗಳಿಂದ. 1946ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪೆನಿಯು ಹೆಸರು ಮಾಡಿದ್ದೂ ಇಂಥ ಮೋಟಾರುಗಳನ್ನು ತಯಾರಿಸಿಯೇ.

1884ರಲ್ಲಿ ಟೆಸ್ಲಾ ನ್ಯೂಯಾರ್ಕಿಗೆ ಬಂದಿಳಿದನು. ಆಗ ಜೇಬಿನಲ್ಲಿ ನಾಲ್ಕು ಸೆಂಟುಗಳಿದ್ದುವೆಂದು ಹೇಳುವುದುಂಟು. ಎಡಿಸನ್ನನ ಕಾರ್ಖಾನೆಯಲ್ಲಿ ಸುಮಾರು ಆರು ತಿಂಗಳು ದುಡಿದು, ಹಣದ ವಿಚಾರದಲ್ಲಿ ಮನಸ್ತಾಪ ಬಂದು ಬಿಟ್ಟನು. ಸ್ವಂತ ಹೆಸರಿನ ಒಂದು ಕಂಪೆನಿಯಲ್ಲಿ ಪಾಲುದಾರರು ಅವನನ್ನು ಹೊರಗೆ ಹಾಕಿದರು. ಹೊಟ್ಟೆಪಾಡಿಗಾಗಿ ದಿನಗೂಲಿಗೆ ಗುಂಡಿ ತೋಡಿದ ಕಾಲವೂ ಉಂಟು. 1888ರಲ್ಲಿ ಅದೃಷ್ಟವು ತಿರುಗಿತು. ಆ ವರ್ಷ ಮೇ ತಿಂಗಳಲ್ಲಿ ಎಂಜಿನಿಯರರ ಸಭೆಯಲ್ಲಿ ತನ್ನ ಪದ್ಧತಿಯನ್ನು ವಿವರಿಸಿದನು. ವೆಸ್ಟಿಂಗ್‌ಹೌಸ್ ಎಂಬ ಉದ್ಯಮಿಯು ಪೇಟೆಂಟುಗಳನ್ನು ಬಳಸುವ ಹಕ್ಕನ್ನು ಪಡೆದನು. 1893ರಲ್ಲಿ ಚಿಕಾಗೋ ನಗರದ ವಿಶ್ವಪ್ರದರ್ಶನವು ಪರ್ಯಾಯ ಪ್ರವಾಹದ ದೀಪಗಳಿಂದ ಬೆಳಗಿತು. ಅದೇ ವರ್ಷ, ಅದೇ ಪ್ರದರ್ಶನದ ಅಂಗವಾಗಿ ನಡೆದ ಸರ್ವಧರ್ಮ ಸಮ್ಮೇಳನದಲ್ಲಿ ಸ್ವಾಮಿ ವಿವೇಕಾನಂದರು ಮಾತನಾಡಿದರೆಂಬುದು ನಮಗೆಲ್ಲ ತಿಳಿದ ಸಂಗತಿ. 1896ರಲ್ಲಿ ನಯಾಗರಾ ಜಲಪಾತದ ವಿದ್ಯುತ್ತು ಬಫೆಲೋ ನಗರವನ್ನು ಮುಟ್ಟಿತು.

ಆ 1896ರಲ್ಲಿಯೇ ನ್ಯೂಯಾರ್ಕಿನಲ್ಲಿ ವಿವೇಕಾನಂದರೂ ಟೆಸ್ಲಾನೂ ಭೇಟಿಯಾದರು. ಪ್ರಾಣ, ಆಕಾಶ ಎಂಬ ತತ್ತ್ವಗಳ ಮಾತು ಟೆಸ್ಲಾನ ಮನಸ್ಸನ್ನು ಹಿಡಿಯಿತು. ದ್ರವ್ಯವೂ ಶಕ್ತಿಯೂ ಮೂಲದಲ್ಲಿ ಒಂದೇ ಎಂಬುದನ್ನು ಗಣಿತದಿಂದ ತೋರಿಸಬಹುದೆಂದು ಅವನು ಭಾವಿಸಿದ್ದನೆಂದು ಸ್ವಾಮಿಗಳು ಪತ್ರವೊಂದರಲ್ಲಿ ತಿಳಿಸಿದ್ದಾರೆ. ಆ ಗಣಿತವನ್ನು ಅವನು ಮಾಡಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ವೇದಾಂತವನ್ನು ಟೆಸ್ಲಾ ಸಿದ್ಧಪಡಿಸಿಕೊಟ್ಟನೆಂದು ಭಾಷಣ ಮಾಡುವವರು ಸ್ವಲ್ಪ ತಾಳ್ಮೆ ವಹಿಸುವುದು ಒಳ್ಳೆಯದು. ನನಗೆ ಹೆಚ್ಚು ಸ್ವಾರಸ್ಯವೆನಿಸುವುದು ಇನ್ನೊಂದು ಸಂಗತಿ. ಅಮೆರಿಕಕ್ಕೆ ಹೋಗುವ ಮುನ್ನ, 1892ರಲ್ಲಿ, ಅಷ್ಟಾಗಿ ಹೆಸರಾಗದ ಸಂನ್ಯಾಸಿಯಾಗಿ ಬೆಂಗಳೂರಿಗೆ ಬಂದಾಗ ವಿವೇಕಾನಂದರು ಅತಿಥಿಯಾಗಿ ಉಳಿದದ್ದು ಮೈಸೂರಿನ ದಿವಾನರಾದ ಕೆ. ಶೇಷಾದ್ರಿ ಅಯ್ಯರ್ ಅವರ ಮನೆಯಲ್ಲಿ. ಟೆಸ್ಲಾನ ಪದ್ಧತಿಯನ್ನು ಕನ್ನಡನಾಡಿಗೆ ತಂದವರೂ ಅದೇ ದಿವಾನರು.

ಅದು ಶಿವನಸಮುದ್ರದ ಕಥೆ. ಕೋಲಾರದ ಚಿನ್ನದ ಗಣಿಗಳು ಉಗಿಯಂತ್ರಗಳಿಗೆ ಸೌದೆಯನ್ನೂ ಕಲ್ಲಿದ್ದಲನ್ನೂ ತಿನ್ನಿಸುತ್ತಿದ್ದ ಕಾಲದಲ್ಲಿ, ಕಾವೇರಿಯ ಜಲಪಾತದಿಂದ ವಿದ್ಯುತ್ತನ್ನು ಎತ್ತಿ ಗಣಿಗೆ ಮುಟ್ಟಿಸಬಹುದೆಂದು ಎಂಜಿನಿಯರ್ ಜಾಲಿ ಡಿ ಲಾಟ್‌ಬಿನಿಯೇರ್ ಯೋಜನೆ ಹಾಕಿದನು. ನಡುವಿನ ದೂರ 92 ಮೈಲಿ. ಎಡಿಸನ್ನನ ನೇರ ಪ್ರವಾಹವಾಗಿದ್ದರೆ ಒಂದೆರಡು ಮೈಲಿ ಹೋಗುವಷ್ಟರಲ್ಲಿ ಉಸಿರು ಕಟ್ಟುತ್ತಿತ್ತು. ಕಾರಣವು ಇಷ್ಟೆ: ತಂತಿಯಲ್ಲಿ ಬಿಸಿಯಾಗಿ ಹಾಳಾಗುವ ಶಕ್ತಿಯು ಪ್ರವಾಹದ ವರ್ಗದಂತೆ ಏರುತ್ತದೆ. ವೋಲ್ಟೇಜನ್ನು ಹತ್ತು ಪಟ್ಟು ಮಾಡಿ ಪ್ರವಾಹವನ್ನು ಹತ್ತನೆಯ ಒಂದು ಪಾಲಿಗೆ ಇಳಿಸಿದರೆ ನಷ್ಟವು ನೂರನೆಯ ಒಂದು ಪಾಲಿಗೆ ಇಳಿಯುತ್ತದೆ. ಪರ್ಯಾಯ ಪ್ರವಾಹವನ್ನು ಟ್ರಾನ್ಸ್‌ಫಾರ್ಮರಿನಿಂದ ಹೀಗೆ ಏರಿಸುವುದೂ ಇಳಿಸುವುದೂ ಸುಲಭ. ನೇರ ಪ್ರವಾಹಕ್ಕೆ ಆ ಕಾಲದಲ್ಲಿ ಈ ಸೌಕರ್ಯವಿರಲಿಲ್ಲ. 1902ರ ಜೂನ್ 30ರಂದು ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಯನ್ನು ತಲಪಿತು. ಅಷ್ಟು ದೂರದ ಸಾಗಣೆಯು ಆ ದಿನಗಳಲ್ಲಿ ಜಗತ್ತಿನಲ್ಲೇ ವಿರಳ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ದೀಪ ಬಂತು. ಶೇಷಾದ್ರಿ ಅಯ್ಯರ್ ಅವರು 1901ರ ಸೆಪ್ಟೆಂಬರಿನಲ್ಲಿಯೇ ತೀರಿಕೊಂಡಿದ್ದರು. ತಮ್ಮ ಯೋಜನೆಯು ಕಣ್ಣೆದುರಿಗೆ ಬೆಳಗಿದ್ದನ್ನು ಅವರು ಕಾಣಲಿಲ್ಲ.

ವಿಚಿತ್ರವೆಂದರೆ, ತನ್ನ ಪದ್ಧತಿಯು ಹೀಗೆ ಕಂಬದಿಂದ ಕಂಬಕ್ಕೆ ಭೂಮಂಡಲವನ್ನು ಸುತ್ತುತ್ತಿದ್ದಾಗ ಟೆಸ್ಲಾನಿಗೆ ಕಂಬವೂ ಬೇಡವಾಗಿತ್ತು, ತಂತಿಯೂ ಬೇಡವಾಗಿತ್ತು. ಕೋಲಾರಕ್ಕೆ ವಿದ್ಯುತ್ತು ಮುಟ್ಟಿದ ಅದೇ 1902ರ ಜೂನ್ ತಿಂಗಳಲ್ಲಿ ಅವನು ತನ್ನ ಪ್ರಯೋಗಶಾಲೆಯನ್ನು ನ್ಯೂಯಾರ್ಕಿನಿಂದ ಲಾಂಗ್ ಐಲೆಂಡಿನ ವಾರ್ಡನ್‌ಕ್ಲಿಫ್ ಎಂಬಲ್ಲಿಗೆ ಸಾಗಿಸುತ್ತಿದ್ದನು. ಅಲ್ಲಿ ಏಳುತ್ತಿತ್ತು ತಂತಿಯಿಲ್ಲದ ವಿದ್ಯುತ್ತಿನ ಗೋಪುರ.

ಈ ಹಂಬಲವು ಆರಂಭವಾದದ್ದು 1891ರ ಸುಮಾರಿಗೆ. ತಂಬೂರಿಯ ಒಂದು ತಂತಿಯನ್ನು ಮೀಟಿದರೆ ಅದೇ ಶ್ರುತಿಗೆ ಕೂಡಿಸಿದ ಪಕ್ಕದ ತಂತಿಯು ಯಾರೂ ಮುಟ್ಟದಿದ್ದರೂ ಝೇಂಕರಿಸುತ್ತದೆ. ವಿದ್ಯುತ್ತಿನ ಸುರುಳಿಗಳನ್ನೂ ಹೀಗೆ ಶ್ರುತಿಗೂಡಿಸಬಹುದು. ಟೆಸ್ಲಾ ಸುರುಳಿ ಎಂದು ಇಂದಿಗೂ ಕರೆಯುವ ಸಾಧನದಿಂದ ಅವನು ಲಕ್ಷಗಟ್ಟಲೆ ವೋಲ್ಟುಗಳನ್ನು ಎಬ್ಬಿಸಿ, ಯಾವ ತಂತಿಯ ಸಂಬಂಧವೂ ಇಲ್ಲದ ಗಾಜಿನ ಕೊಳವೆಗಳನ್ನು ಕೈಯಲ್ಲಿ ಹಿಡಿದು ಬೆಳಗಿಸಿ ತೋರಿಸಿದನು. ನ್ಯೂಯಾರ್ಕ್, ಲಂಡನ್, ಪ್ಯಾರಿಸ್ಸುಗಳ ವಿದ್ವಾಂಸರು ಬೆರಗಾದರು. ನಮ್ಮ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಅದೃಶ್ಯ ತರಂಗಗಳನ್ನು ಗೋಡೆಯಾಚೆಗೆ ಕಳುಹಿಸಿ ಗಂಟೆ ಬಾರಿಸಿದ್ದೂ ಅದೇ ದಶಕದಲ್ಲಿ. 1895ರಲ್ಲಿ ಟೆಸ್ಲಾನ ಪ್ರಯೋಗಶಾಲೆಯು ಬೆಂಕಿಗೆ ಆಹುತಿಯಾಯಿತು. ಬರೆದಿಟ್ಟದ್ದೂ ಕಟ್ಟಿದ್ದೂ ಒಂದೇ ರಾತ್ರಿಯಲ್ಲಿ ಬೂದಿಯಾಯಿತು. ಅವನು ಮತ್ತೆ ಕಟ್ಟಿದನು.

1899ರಲ್ಲಿ ಕೊಲೊರಾಡೋ ಸ್ಪ್ರಿಂಗ್ಸ್ ಎಂಬ ಬೆಟ್ಟದ ಊರಿಗೆ ಹೋಗಿ ಎತ್ತರದ ಕಂಬವೊಂದನ್ನು ನೆಟ್ಟು, ಕೃತಕ ಸಿಡಿಲುಗಳನ್ನು ಎಬ್ಬಿಸುತ್ತ ಎಂಟು ತಿಂಗಳು ಕಳೆದನು. ಜುಲೈ ತಿಂಗಳ ಒಂದು ಗುಡುಗುಮಳೆಯಲ್ಲಿ ಮಿಂಚಿನ ಪರಿಣಾಮವು ದೂರ ಸರಿದಂತೆಲ್ಲ ಕುಗ್ಗುತ್ತ, ಮತ್ತೆ ಹಿಗ್ಗುತ್ತ ಹೋದದ್ದನ್ನು ಅವನ ಉಪಕರಣಗಳು ತೋರಿಸಿದುವು. ಭೂಮಿಯೇ ಒಂದು ದೊಡ್ಡ ಗಂಟೆಯಂತೆ ವಿದ್ಯುತ್ತಿನಿಂದ ಕಂಪಿಸಬಲ್ಲದೆಂದು ಅವನು ತೀರ್ಮಾನಿಸಿದನು. ಇಲ್ಲಿ ಹೊಡೆದರೆ ಭೂಮಿಯ ಯಾವ ಮೂಲೆಯಲ್ಲಾದರೂ ಒಂದು ಸರಳನ್ನು ನೆಲಕ್ಕೆ ಚುಚ್ಚಿ ಆ ಶಕ್ತಿಯನ್ನು ಇಳಿಸಿಕೊಳ್ಳಬಹುದು ಎಂಬುದು ಅವನ ಕಲ್ಪನೆ. ಈ ಕಾಲದ ಬಗೆಗೆ ಹುಟ್ಟಿದ ಕಥೆಗಳಿಗೆ ಲೆಕ್ಕವಿಲ್ಲ. 25 ಮೈಲಿಗಳಾಚೆ 200 ದೀಪಗಳನ್ನು ತಂತಿಯಿಲ್ಲದೆ ಹೊತ್ತಿಸಿದನೆಂಬುದು ಅವುಗಳಲ್ಲಿ ಒಂದು. ಆದರೆ ಅವನೇ ಬರೆದಿಟ್ಟುಕೊಂಡ ದಿನಚರಿಯು 1978ರಲ್ಲಿ ಅಚ್ಚಾಗಿದೆ. ಅದರಲ್ಲಿ ಈ ಸಂಗತಿಯ ಸುಳಿವಿಲ್ಲ. ಕಿಡಿಗಳ ಮಳೆಯ ಕೆಳಗೆ ನಿಶ್ಚಿಂತನಾಗಿ ಪುಸ್ತಕ ಹಿಡಿದು ಕುಳಿತ ಅವನ ಪ್ರಸಿದ್ಧ ಛಾಯಾಚಿತ್ರವೂ ಒಂದೇ ಫಲಕದ ಮೇಲೆ ಎರಡು ಸಲ ತೆಗೆದದ್ದು. ಹತ್ತಿರದ ದೀಪಗಳು ಹೊತ್ತಿದ್ದು ನಿಜ.

ಗೋಪುರಕ್ಕೆ ಹಣ ಕೊಟ್ಟವನು ಜೆ. ಪಿ. ಮಾರ್ಗನ್. ಕೊಟ್ಟದ್ದು 1,50,000 ಡಾಲರು. ಕೊಟ್ಟದ್ದಾದರೂ ಅಟ್ಲಾಂಟಿಕ್ ಸಾಗರವನ್ನು ದಾಟಿ ಸುದ್ದಿ ಕಳುಹಿಸುವ ನಿಲ್ದಾಣಕ್ಕಾಗಿ. 187 ಅಡಿ ಎತ್ತರದ ಮರದ ಗೋಪುರ, ಅದರ ನೆತ್ತಿಯಲ್ಲಿ ಅಣಬೆಯ ಆಕಾರದ ಉಕ್ಕಿನ ಗುಮ್ಮಟ, ಬುಡದಲ್ಲಿ ನೆಲದೊಳಕ್ಕೆ ಇಳಿಯುವ ಆಳವಾದ ಬಾವಿ. ಕೆಲಸವು ನಡೆಯುತ್ತಿದ್ದಾಗಲೇ, 1901ರ ಡಿಸೆಂಬರ್ 12ರಂದು, ಮಾರ್ಕೋನಿಯು ಇದರ ಮುಂದೆ ಆಟಿಕೆಯೆನಿಸುವ ಸಲಕರಣೆಯಿಂದ ಒಂದೇ ಒಂದು ಅಕ್ಷರವನ್ನು ಸಾಗರದಾಚೆಗೆ ಮುಟ್ಟಿಸಿಬಿಟ್ಟನು. ಟೆಸ್ಲಾ ಮತ್ತಷ್ಟು ಹಣ ಕೇಳಿದನು. ತನ್ನ ನಿಜವಾದ ಗುರಿಯು ಸುದ್ದಿಯಲ್ಲ, ಶಕ್ತಿಯನ್ನೇ ಕಳುಹಿಸುವುದೆಂದು ಬಿಚ್ಚಿ ಹೇಳಿದನು. 1903ರಲ್ಲಿ ಮಾರ್ಗನ್ ಕೈಯಾಡಿಸಿದನು. ಪುಕ್ಕಟೆ ವಿದ್ಯುತ್ತಿಗೆ ಮೀಟರು ಎಲ್ಲಿ ಹಾಕುವುದೆಂದು ಅವನು ಕೇಳಿದನೆಂಬ ಮಾತು ಬಲು ಚೆನ್ನಾಗಿದೆ. ಚೆನ್ನಾಗಿರುವುದರಿಂದಲೇ ಎಲ್ಲರೂ ಹೇಳುತ್ತಾರೆ. ಅದಕ್ಕೆ ಆಧಾರ ಮಾತ್ರ ಸಿಕ್ಕಿಲ್ಲ. ಸಾಗರ ದಾಟಿಸಲು ಕೊಟ್ಟ ಹಣಕ್ಕೆ ಇನ್ನೊಬ್ಬನು ಮೊದಲೇ ದಾಟಿದ ಮೇಲೆ, ಷೇರುಪೇಟೆಯೂ ಕುಸಿದಿರುವಾಗ, ಮತ್ತೆ ಹಣ ಸುರಿಯದಿದ್ದುದು ಒಬ್ಬ ಬ್ಯಾಂಕರನಿಗೆ ಸಹಜ. ಅದಕ್ಕೆ ಪಿತೂರಿಯ ವಿವರಣೆ ಬೇಕಿಲ್ಲ.

ಮಾರ್ಗನ್ ಹಣ ಕೊಟ್ಟಿದ್ದರೆ ಕನಸು ಕೈಗೂಡುತ್ತಿತ್ತೆ? ಮುಖ್ಯವಾದ ಪ್ರಶ್ನೆಯು ಇದು. ಸುದ್ದಿಗೂ ಶಕ್ತಿಗೂ ಒಂದು ವ್ಯತ್ಯಾಸವಿದೆ. ಸುದ್ದಿ ಮುಟ್ಟಲು ಒಂದು ಹನಿ ಸಾಕು. ಹೊರಟದ್ದರಲ್ಲಿ ಕೋಟಿಯ ಒಂದು ಪಾಲು ಬಂದರೂ ಕಿವಿಗೆ ಕೇಳುವಂತೆ ಹಿಗ್ಗಿಸಿಕೊಳ್ಳಬಹುದು. ಗಿರಣಿ ತಿರುಗಬೇಕಾದರೆ ಹೊಳೆಯೇ ಬರಬೇಕು. ಕೆಂಗೇರಿಯಲ್ಲಿ ಹೊತ್ತಿಸಿದ ದೀಪದ ಬೆಳಕು ಎಲ್ಲ ದಿಕ್ಕಿಗೂ ಚೆದರಿ, ದೂರವು ಎರಡರಷ್ಟಾದರೆ ನಾಲ್ಕನೆಯ ಒಂದು ಪಾಲಾಗಿ, ರಾಜಾಜಿನಗರವನ್ನು ಮುಟ್ಟುವಾಗ ಓದಲು ಬಾರದಷ್ಟು ಕ್ಷೀಣವಾಗುತ್ತದೆ. ಟೆಸ್ಲಾನಿಗೆ ಇದು ತಿಳಿಯದ ಸಂಗತಿಯಲ್ಲ. ಆದುದರಿಂದಲೇ ಅವನು ಗಾಳಿಯಲ್ಲಿ ಎರಚುವುದನ್ನು ಬಿಟ್ಟು ಭೂಮಿಯನ್ನೇ ತಂತಿಯಾಗಿ ಮಾಡಹೊರಟನು. ಆದರೆ ಭೂಮಿಯು ತಾಮ್ರವಲ್ಲ. ಅದು ವಿದ್ಯುತ್ತನ್ನು ನುಂಗಿ ಬಿಸಿಯಾಗಿಸುತ್ತದೆ. ಒಂದು ಭಾಗವು ಆಕಾಶಕ್ಕೆ ಸೋರುತ್ತದೆ. ಅವನ ಪದ್ಧತಿಯಿಂದ ದೂರದ ಊರಿಗೆ ಗಿರಣಿ ತಿರುಗಿಸುವಷ್ಟು ಶಕ್ತಿಯನ್ನು ಮುಟ್ಟಿಸಿದವರು ಮುಂದಿನ ನೂರಿಪ್ಪತ್ತು ವರ್ಷಗಳಲ್ಲಿ ಯಾರೂ ಇಲ್ಲ. ಇನ್ನು ಪುಕ್ಕಟೆಯ ಮಾತು. ತಂತಿಯ ಖರ್ಚು ಉಳಿದರೂ ಜಲಪಾತಕ್ಕೆ ಟರ್ಬೈನು ಬೇಕು, ಯಂತ್ರಕ್ಕೆ ಎಣ್ಣೆ ಬೇಕು, ಆಳಿಗೆ ಸಂಬಳ ಬೇಕು. ಅರ್ಥಶಾಸ್ತ್ರದ ಮಿತ್ರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಮೂಲ ಕಲ್ಪನೆಯು ಪೊಳ್ಳಲ್ಲ. ಬಸವೇಶ್ವರನಗರದ ಯಾವುದೇ ಅಡ್ಡರಸ್ತೆಯ ಮೂಲೆಯಲ್ಲಿ ಗುಂಯ್‌ಗುಡುತ್ತ ನಿಂತಿರುವ, ಜನರು ಟಿ.ಸಿ. ಎಂದು ಕರೆಯುವ ಟ್ರಾನ್ಸ್‌ಫಾರ್ಮರಿನ ಒಳಗೇ ನೋಡಿದರೆ, ಎರಡು ಸುರುಳಿಗಳಿಗೆ ಪರಸ್ಪರ ತಂತಿಯ ಸೋಂಕಿಲ್ಲ. ಶಕ್ತಿಯು ಅಯಸ್ಕಾಂತ ಕ್ಷೇತ್ರದ ಮೂಲಕವೇ ದಾಟಬೇಕು. ವಿಜಯನಗರದ ಮೆಟ್ರೋ ನಿಲ್ದಾಣದ ಬಾಗಿಲಿನಲ್ಲಿ ನಾವು ತಾಗಿಸುವ ಕಾರ್ಡಿನಲ್ಲಿ ಬ್ಯಾಟರಿಯಿಲ್ಲ. ಅದರ ಒಳಗಿನ ಸಣ್ಣ ಚಿಪ್ಪಿಗೆ ಜೀವ ಬರುವಷ್ಟು ವಿದ್ಯುತ್ತು ಬಾಗಿಲಿನ ಯಂತ್ರದಿಂದ ಗಾಳಿಯಲ್ಲೇ ಒದಗುತ್ತದೆ. ದೂರ ಮಾತ್ರ ಕೆಲವೇ ಅಂಗುಲ. ಆ ಬಾಗಿಲನ್ನು ದಾಟಿ ಹತ್ತುವ ರೈಲು, ಹಳಿಯ ಪಕ್ಕದ ಮೂರನೆಯ ಹಳಿಯಿಂದ 750 ವೋಲ್ಟಿನ ನೇರ ಪ್ರವಾಹವನ್ನು ಸೋಂಕಿಯೇ ಪಡೆದು ಕೆಂಗೇರಿಗೆ ಓಡುತ್ತದೆ. ಕಾರ್ಡಿನಲ್ಲಿ ಟೆಸ್ಲಾ ಗೆದ್ದರೆ ಹಳಿಯಲ್ಲಿ ಎಡಿಸನ್ ಗೆದ್ದನೆನ್ನೋಣ. 1975ರಲ್ಲಿ ಅಮೆರಿಕದ ಗೋಲ್ಡ್‌ಸ್ಟೋನ್ ಎಂಬಲ್ಲಿ ಮೈಕ್ರೋತರಂಗಗಳನ್ನು ಕಿರಣದಂತೆ ಗುರಿಯಿಟ್ಟು, ಸುಮಾರು ಒಂದು ಮೈಲಿ ದೂರಕ್ಕೆ 30 ಕಿಲೋವಾಟಿಗೂ ಹೆಚ್ಚು ಶಕ್ತಿಯನ್ನು ಮುಟ್ಟಿಸಿದರು. 2007ರಲ್ಲಿ ಎಂ.ಐ.ಟಿ. ಸಂಸ್ಥೆಯವರು ಶ್ರುತಿಗೂಡಿಸಿದ ಸುರುಳಿಗಳಿಂದ ಎರಡು ಮೀಟರ್ ದೂರದ 60 ವಾಟಿನ ಬಲ್ಬನ್ನು ಬೆಳಗಿಸಿದರು. ಮುಟ್ಟಿದ್ದು ನೂರಕ್ಕೆ ಸುಮಾರು 40 ಪಾಲು. ಆ ತಂಡದ ನಾಯಕ ಸೊಲ್ಯಾಚಿಚ್ ಎಂಬಾತನೂ ಕ್ರೊಯೇಷಿಯಾದಲ್ಲಿ ಹುಟ್ಟಿದವನೇ.

ಉಳಿದ ಕಥೆಯು ದುಃಖದ್ದು. ಗೋಪುರದ ಕೆಲಸವು ನಿಂತುಹೋಯಿತು. 1909ರಲ್ಲಿ ನೊಬೆಲ್ ಬಹುಮಾನವು ಮಾರ್ಕೋನಿಗೂ ಬ್ರೌನನಿಗೂ ಸಂದಿತು. ವಾಸವಿದ್ದ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನ ಸಾಲಕ್ಕೆ ವಾರ್ಡನ್‌ಕ್ಲಿಫ್ ಆಸ್ತಿಯನ್ನು ಬರೆದುಕೊಡಬೇಕಾಯಿತು. 1917ರಲ್ಲಿ ಗೋಪುರವನ್ನು ಸಿಡಿಮದ್ದಿಟ್ಟು ಕೆಡವಿ, ಸಾಮಾನುಗಳನ್ನು ಮಾರಿದರು. ಅದೇ ವರ್ಷ ಎಂಜಿನಿಯರರ ಸಂಸ್ಥೆಯು ಟೆಸ್ಲಾನಿಗೆ ಒಂದು ಪದಕವನ್ನು ಕೊಟ್ಟು ಗೌರವಿಸಿತು. ಆ ಪದಕದ ಹೆಸರು ಎಡಿಸನ್ ಪದಕ! ಅವನು ಮದುವೆಯಾಗಲಿಲ್ಲ. ಹೋಟೆಲಿನಿಂದ ಹೋಟೆಲಿಗೆ, ಬಾಕಿಯನ್ನು ಹಿಂದೆ ಬಿಟ್ಟು, ಸರಿಯುತ್ತ ಹೋದನು. ಉದ್ಯಾನಗಳ ಪಾರಿವಾಳಗಳಿಗೆ ಕಾಳು ಹಾಕುವುದು, ಗಾಯಗೊಂಡವುಗಳನ್ನು ಕೋಣೆಗೆ ತಂದು ಸಾಕುವುದು ಮುದಿತನದ ನಿತ್ಯಕರ್ಮವಾಯಿತು. 1934ರಿಂದ ವೆಸ್ಟಿಂಗ್‌ಹೌಸ್ ಕಂಪೆನಿಯು ತಿಂಗಳಿಗೆ 125 ಡಾಲರುಗಳನ್ನೂ ಕೋಣೆಯ ಬಾಡಿಗೆಯನ್ನೂ ಕೊಡತೊಡಗಿತು. 1943ರ ಜನವರಿ 7ರಂದು ನ್ಯೂಯಾರ್ಕರ್ ಹೋಟೆಲಿನ 3327ನೆಯ ಸಂಖ್ಯೆಯ ಕೋಣೆಯಲ್ಲಿ ಒಂಟಿಯಾಗಿ ಪ್ರಾಣ ಬಿಟ್ಟನು. ವಯಸ್ಸು 86.

ಅವನು ಸತ್ತು ಆರು ತಿಂಗಳು ತುಂಬುವ ಮುನ್ನ ಅಮೆರಿಕದ ಪರಮೋಚ್ಚ ನ್ಯಾಯಾಲಯವು ಮಾರ್ಕೋನಿಯ ಒಂದು ಮುಖ್ಯ ಪೇಟೆಂಟಿನ ಹಲವು ಹಕ್ಕುಗಳನ್ನು ಎತ್ತಿಹಾಕಿತು. ಲಾಡ್ಜ್, ಸ್ಟೋನ್, ಟೆಸ್ಲಾ ಇವರ ಕೆಲಸವು ಅದಕ್ಕಿಂತ ಹಿಂದಿನದೆಂಬುದು ಕಾರಣ. ಟೆಸ್ಲಾನೇ ರೇಡಿಯೋವನ್ನು ಕಂಡುಹಿಡಿದನೆಂದು ಆ ತೀರ್ಪು ಹೇಳಿತೆಂದು ಬರೆಯುವವರು ಅದನ್ನು ಓದಿದಂತಿಲ್ಲ. 1960ರಲ್ಲಿ ಅಯಸ್ಕಾಂತ ಕ್ಷೇತ್ರದ ಸಾಂದ್ರತೆಯನ್ನು ಅಳೆಯುವ ಅಂತರರಾಷ್ಟ್ರೀಯ ಮಾನಕ್ಕೆ ಟೆಸ್ಲಾ ಎಂದು ಹೆಸರಿಟ್ಟರು. ಆಸ್ಪತ್ರೆಯಲ್ಲಿ ಎಂ.ಆರ್.ಐ. ಯಂತ್ರವು ಒಂದೂವರೆ ಟೆಸ್ಲಾದ್ದು, ಮೂರು ಟೆಸ್ಲಾದ್ದು ಎಂದು ಹೇಳುವುದು ಈ ಲೆಕ್ಕದಲ್ಲಿಯೇ.

ಅವನ ಚಿತಾಭಸ್ಮವು ಬೆಲ್‌ಗ್ರೇಡಿನ ವಸ್ತುಸಂಗ್ರಹಾಲಯದಲ್ಲಿ, ಅವನಿಗೆ ಪ್ರಿಯವಾಗಿದ್ದ ಗೋಳದ ಆಕಾರದ ಕರಂಡದಲ್ಲಿದೆ. ವಾರ್ಡನ್‌ಕ್ಲಿಫ್ ನಿವೇಶನವು ಮಾರಾಟಕ್ಕೆ ಬಂದಾಗ ಜಗತ್ತಿನ ಸಾವಿರಾರು ಜನರು ಸಣ್ಣಸಣ್ಣ ಮೊತ್ತಗಳನ್ನು ಕೂಡಿಸಿ ಕಳುಹಿಸಿದರು. 2013ರಲ್ಲಿ ಅದು ಅವನ ಹೆಸರಿನ ಒಂದು ವಿಜ್ಞಾನ ಕೇಂದ್ರದ ಕೈಸೇರಿತು. ಇಟ್ಟಿಗೆಯ ಪ್ರಯೋಗಶಾಲೆಯು ಅಲ್ಲಿ ಇನ್ನೂ ನಿಂತಿದೆ. ಅದರ ಹಿಂದೆ, ಹುಲ್ಲಿನ ನಡುವೆ, ಗೋಪುರದ ಎಂಟು ಮೂಲೆಯ ಅಡಿಪಾಯವು ಕಾಣುತ್ತದೆ.